ಕಣ್ಣಿಗೆ ಬಿದ್ದ ಹೂವು

ನಮ್ಮ ಮೊಹಲ್ಲಾದಲ್ಲಿ ರಾತ್ರಿ ಎರಡು ಗಂಟೆಗೆ ಯಾರಾದರೂ ತೀರಿಕೊಂಡರೆ ಯಾರ ಮನೆಯ ಬಾಗಿಲು ಬಡಿಯಬೇಕು ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಗಂಡಸರ ಮಯ್ಯತ್ತಿಗೆ ಗುಸುಲ್ ಕೊಡುವವರು ಇಂಥವರು, ಹೆಂಗಸರಿಗೆ ಇಂಥವರು, ಕಫನ್ ಬಟ್ಟೆ ಇಂಥವರ ಅಂಗಡಿಯಲ್ಲಿ, ಖಬರ್ ತೋಡುವವರು ಇಂಥವರು. ಯಾರೂ ವಿಚಾರಿಸಿಕೊಂಡು ಅಲೆಯಬೇಕಾಗಿಲ್ಲ. ಸತ್ತವರ ವಿಷಯದಲ್ಲಿ ನಾವು ಅಷ್ಟು ಅಚ್ಚುಕಟ್ಟು. ಆದರೆ ಸುಗ್ಗಿಯ ದಿನ ಒಬ್ಬ ಹೆಂಗಸಿನ ಕಣ್ಣಿಗೆ ಭತ್ತದ ತೆನೆ ಚುಚ್ಚಿದರೆ ಆ ಸಂಜೆ ಯಾರ ಬಾಗಿಲು ಬಡಿಯಬೇಕು? ಸಂತೇಬೆನ್ನೂರಿನಲ್ಲಿ ಹುಟ್ಟಿ ಬೆಳೆದ ನನಗೆ ಈ ಪ್ರಶ್ನೆಗೆ ಇವತ್ತಿಗೂ ಉತ್ತರ ಗೊತ್ತಿಲ್ಲ. ಗೊತ್ತಿಲ್ಲದ್ದರ ಬೆಲೆಯನ್ನು ನಮ್ಮ ಮನೆಯಲ್ಲೇ ಒಬ್ಬರು ತೆತ್ತರು.

ಅವರು ನನ್ನ ಫುಪ್ಪು, ಅಬ್ಬಾನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇದ್ದರು. ಅಡಿಕೆ ಕಾಲದಲ್ಲಿ ಖೇಣಿದಾರರ ಮನೆಯಲ್ಲಿ ಅಡಿಕೆ ಸುಲಿಯಲು, ಸುಗ್ಗಿಯಲ್ಲಿ ಭತ್ತ ಕೊಯ್ಯಲು ಹೋಗುತ್ತಿದ್ದರು. 1991ರಲ್ಲಿ, ನಾನಾಗ ಉರ್ದು ಶಾಲೆಯಲ್ಲಿ ಐದನೇ ಕ್ಲಾಸು, ಒಂದು ಸಂಜೆ ಸೆರಗಿನಿಂದ ಬಲಗಣ್ಣು ಮುಚ್ಚಿಕೊಂಡು ಬಂದರು. ಹೊರೆ ಎತ್ತುವಾಗ ತೆನೆ ಚುಚ್ಚಿತ್ತು. ಆ ರಾತ್ರಿ ಪಕ್ಕದ ಲಿಂಗಾಯತರ ಮನೆಯ ಬಾಣಂತಿ ಸೊಸೆ ತಾನೇ ಬಂದು ಒಂದು ಒಳಲೆಯಲ್ಲಿ ಎದೆಹಾಲು ಹಿಂಡಿ ಕೊಟ್ಟಳು. ಮರುದಿನ ಯಾರೋ ನಂದಿಬಟ್ಟಲು ಹೂವು ತಂದರು, ಅದರ ರಸ ಬಿಟ್ಟರು. ಮೂರನೆಯ ದಿನ ಅಬ್ಬಾ ಔಷಧಿ ಅಂಗಡಿಯಿಂದ ಕಣ್ಣಿನ ಹನಿ ತಂದರು. ಅದನ್ನು ಹಾಕಿದ ಮೇಲೆ ಕೆಂಪು ಇಳಿಯಿತು, ನೋವೂ ಸ್ವಲ್ಪ ಕಡಿಮೆಯಾಯಿತು, ಮನೆಯಲ್ಲಿ ಎಲ್ಲರೂ ಅಲ್ಹಮ್ದುಲಿಲ್ಲಾಹ್ ಎಂದರು. ವಾರದ ಹೊತ್ತಿಗೆ ಕರಿಗುಡ್ಡೆಯ ನಡುವೆ ಅಕ್ಕಿಕಾಳಿನಷ್ಟು ಬಿಳಿ ಕಂಡಿತು. ದಾವಣಗೆರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಮೊದಲ ದಿನವೇ ಬರಬೇಕಿತ್ತು ಎಂದರು. ಅಬ್ಬಾ ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಒಮ್ಮೆ ಮಾತ್ರ, ಅಲ್ಲಾಹನ ಮರ್ಜಿ ಎಂದರು.

ನಾನು ಆ ದಿನಗಳನ್ನು ಮತ್ತೆ ಮತ್ತೆ ಎಣಿಸಿದ್ದೇನೆ. ಎಲ್ಲಿಯೂ ಪ್ರೀತಿ ಕಡಿಮೆಯಿರಲಿಲ್ಲ. ಬಾಣಂತಿ ತನ್ನ ಕೂಸಿನ ಹಾಲು ಕೊಟ್ಟಳು. ಹೂವು ತಂದವರು ಬೆಳಗಿನ ಜಾವ ಎದ್ದು ಹಿತ್ತಲಲ್ಲಿ ಹುಡುಕಿದ್ದರು. ಅಬ್ಬಾ ಸಾಲ ಹೇಳಿ ಹನಿ ತಂದಿದ್ದರು. ಆದರೂ ಕಣ್ಣು ಹೋಯಿತು. ಅಷ್ಟು ಜನರ ಒಳ್ಳೆಯತನದ ನಡುವೆಯೇ ಹೋಯಿತು. ನಮ್ಮ ನೀತಿಕಥೆಗಳಲ್ಲಿ ಕೆಟ್ಟವನೊಬ್ಬ ಇರುತ್ತಾನೆ, ಕಥೆ ಸುಲಭವಾಗುತ್ತದೆ. ಇಲ್ಲಿ ಕೆಟ್ಟವರು ಯಾರು? ಎರಡನೆಯ ದಿನ ಬೆಳಿಗ್ಗೆ ಫುಪ್ಪು ನನ್ನನ್ನು ಕರೆದು, ಬೇಟಾ, ಚನ್ನಗಿರಿವರೆಗೆ ನನ್ನ ಜೊತೆ ಬಸ್ಸಿಗೆ ಬರುತ್ತೀಯಾ ಎಂದು ಕೇಳಿದ್ದರು. ಒಂಟಿಯಾಗಿ ಆಸ್ಪತ್ರೆಗೆ ಹೋಗುವ ರೂಢಿ ಅವರಿಗಿರಲಿಲ್ಲ. ಅವತ್ತು ನಮ್ಮ ಓಣಿಯ ಹುಡುಗರಿಗೂ ಕೆಳಗಿನ ಓಣಿಯವರಿಗೂ ಕ್ರಿಕೆಟ್ ಮ್ಯಾಚು. ನಾಳೆ ಹೋಗೋಣ ಫುಪ್ಪು ಎಂದೆ. ಹತ್ತು ವರ್ಷದ ಹುಡುಗನ ಮೇಲೆ ಯಾರೂ ಈ ಹೊರೆ ಹೊರಿಸುವುದಿಲ್ಲ, ಫುಪ್ಪು ಕೂಡ ಹೊರಿಸಲಿಲ್ಲ. ಆದರೆ ಆ ‘ನಾಳೆ’ ನನ್ನ ಬಾಯಿಂದ ಬಂದದ್ದು.

ಬಹಳ ವರ್ಷಗಳ ನಂತರ ನೇಪಾಳದ ಭಕ್ತಪುರದಲ್ಲಿ ನಡೆದ ಒಂದು ಕೆಲಸದ ಬಗ್ಗೆ ಓದಿದೆ. ಅಲ್ಲಿಯೂ ನಮ್ಮ ಹಾಗೆ ಗದ್ದೆಯ ಜನ. ಊರಿನವರಿಗೇ ತರಬೇತಿ ಕೊಟ್ಟು, ಕಣ್ಣಿಗೆ ಪೆಟ್ಟು ಬಿದ್ದವರನ್ನು ಪರೀಕ್ಷಿಸಿ, ಕರಿಗುಡ್ಡೆ ಗೀರಿಕೊಂಡಿದ್ದರೆ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚುವ ವ್ಯವಸ್ಥೆ ಮಾಡಿದ್ದರು. ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಹೀಗೆ ಗೀರಿದ ಕಣ್ಣುಗಳು 442. ಹದಿನೆಂಟು ಗಂಟೆಯೊಳಗೆ ಮುಲಾಮು ಬಿದ್ದ 284 ಕಣ್ಣುಗಳಲ್ಲಿ ಒಂದಕ್ಕೂ ಹುಣ್ಣಾಗಲಿಲ್ಲ. ಹದಿನೆಂಟರಿಂದ ಇಪ್ಪತ್ನಾಲ್ಕು ಗಂಟೆಯ ನಡುವೆ ಬಂದ 109ರಲ್ಲಿ ನಾಲ್ಕಕ್ಕೆ ಆಯಿತು. ಎರಡನೆಯ ದಿನ ಬಂದ 49ರಲ್ಲಿ ಹದಿನಾಲ್ಕಕ್ಕೆ ಆಯಿತು. ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಕೂತಿದ್ದೆ. ಸಂಜೆ ಐದಕ್ಕೆ ಚುಚ್ಚಿದ್ದು ಎಂದಿಟ್ಟುಕೊಂಡರೆ ಹದಿನೆಂಟು ಗಂಟೆ ಎಂದರೆ ಮರುದಿನ ಹನ್ನೊಂದು. ನಮ್ಮ ಮ್ಯಾಚು ಶುರುವಾದದ್ದು ಹತ್ತಕ್ಕೆ.

ಲೆಕ್ಕ ಅಷ್ಟು ಸರಳವಲ್ಲ ಎಂದೂ ಹೇಳಬೇಕು. ನೇಪಾಳದಲ್ಲೇ ಆಮೇಲೆ ಇನ್ನೂ ದೊಡ್ಡ ಪ್ರಯೋಗ ನಡೆಯಿತು, ಕಾರ್ಯಕರ್ತರಿದ್ದ ಊರುಗಳನ್ನೂ ಇಲ್ಲದ ಊರುಗಳನ್ನೂ ಹೋಲಿಸಿ ನೋಡಿದರು. 2022ರಲ್ಲಿ ಬಂದ ಅದರ ವರದಿಯಲ್ಲಿ ಎರಡಕ್ಕೂ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ಭಕ್ತಪುರವನ್ನು ಮಾತ್ರ ಹೇಳುವುದು ಪ್ರಾಮಾಣಿಕತೆಯಲ್ಲ. ಆದರೆ ಇದರಿಂದ ನನಗೆ ತೋಚುವುದು ಇಷ್ಟು: ಊರಲ್ಲಿ ಮುಲಾಮು ಇದ್ದರೆ ಸಾಲದು. ಕಣ್ಣು ಗೀರಿಕೊಂಡ ಹೆಂಗಸಿಗೆ ಆ ಮುಲಾಮು ಯಾರ ಮನೆಯಲ್ಲಿದೆ ಎಂದು ಗೊತ್ತಿರಬೇಕು, ಆ ಬಾಗಿಲು ಬಡಿಯಲು ಸಂಕೋಚವಾಗಬಾರದು, ಮರುದಿನದ ಕೂಲಿ ಬಿಡಬೇಕಾಗಿ ಬರಬಾರದು. ಗುಸುಲ್ ಕೊಡುವವರ ಮನೆ ಗೊತ್ತಿರುವ ಹಾಗೆ ಗೊತ್ತಿರಬೇಕು.

ಅಂಗಡಿಯ ಹನಿಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಏನಿತ್ತೋ ಈಗ ಹೇಳಲು ಬಾಟಲಿ ಉಳಿದಿಲ್ಲ. ಆದರೆ ಕೆಂಪು ಬೇಗ ಇಳಿಸಿ ಒಳಗೆ ಹುಣ್ಣನ್ನು ಬೆಳೆಯಬಿಡುವುದು ಸ್ಟಿರಾಯ್ಡ್ ಹನಿಯ ಗುಣ. ತಮಿಳುನಾಡಿನ ಮಧುರೈಯಲ್ಲಿ ಕರಿಗುಡ್ಡೆಯ ಹುಣ್ಣುಗಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು ಅರ್ಧದಷ್ಟು ಹುಣ್ಣುಗಳಿಗೆ ಕಾರಣ ಶಿಲೀಂಧ್ರ, ಬೂಷ್ಟಿನ ಜಾತಿಯದು. ಪೈರಿನ ಎಲೆ, ಹೊಟ್ಟು, ಮಣ್ಣುಗಳ ಜೊತೆ ಅದು ಕಣ್ಣಿಗೆ ಹೋಗುತ್ತದೆ. ಅಂಥ ಹುಣ್ಣಿಗೆ ಸ್ಟಿರಾಯ್ಡ್ ಬಿಡುವುದೆಂದರೆ ಬೆಂಕಿಗೆ ಎಣ್ಣೆ ಸುರಿದಂತೆ. ಹಾಗಾಗಿ ಕಣ್ಣಿಗೆ ಏನಾದರೂ ಬಡಿದಾಗ ತಾವೇ ಹನಿ ತಂದು ಹಾಕಿಕೊಳ್ಳುವುದಕ್ಕೂ, ತರಬೇತಾದ ಒಬ್ಬರು ನೋಡಿ ಮುಲಾಮು ಹಚ್ಚುವುದಕ್ಕೂ ಅಜಗಜಾಂತರ. ಹುಣ್ಣು ಶುರುವಾಗಿದ್ದರೆ ಅವರೂ ಮುಲಾಮು ಹಚ್ಚಿ ಕೂರುವುದಿಲ್ಲ, ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ.

ನಾನು ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಕಥೆ ಬರೆಯುವವನು. ಎರಡೂ ಭಾಷೆ ಈ ರೋಗಕ್ಕೆ ಇಟ್ಟ ಹೆಸರು ನೋಡಿ. ಕರಿಗುಡ್ಡೆಯ ಮೇಲೆ ಬಿಳಿ ಕಲೆಯಾದರೆ ಕನ್ನಡದಲ್ಲಿ ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತೇವೆ. ಉರ್ದುವಿನಲ್ಲಿ ‘ಫೂಲಾ’, ಅದೂ ಹೂವೇ. ಕಣ್ಣಿನ ಪೊರೆಗೆ ಉರ್ದುವಿನವರು ‘ಮೋತಿಯಾ’ ಎಂದರು, ಮುತ್ತು. ಕಣ್ಣಿಲ್ಲದವರನ್ನು ಗೌರವದಿಂದ ‘ಹಾಫಿಜ್‌ಜಿ’ ಎಂದು ಕರೆದರು, ಕುರ್‌ಆನನ್ನು ಬಾಯಿಪಾಠ ಮಾಡಿದ ಅಂಧರು ಅಷ್ಟು ಮಂದಿ ಇದ್ದರೆಂದು. ಭಾಷೆ ನೋವನ್ನು ಮೃದು ಮಾಡುತ್ತದೆ, ಅದು ಅದರ ದಯೆ. ಆದರೆ ಹೂವು ಎಂದು ಕರೆದ ಮೇಲೆ ಅದು ಬಿದ್ದದ್ದು ಹೇಗೆ ಎಂದು ಕೇಳಲು ಮನಸ್ಸು ಬರುವುದಿಲ್ಲ. ಹೂವು ತಾನಾಗಿಯೇ ಅರಳುತ್ತದಲ್ಲ.

ನಾವು ಕಥೆಗಾರರು ಮಾಡುವುದೂ ಅದನ್ನೇ. ನನ್ನ ಮೊದಲ ಕಥೆಗಳಲ್ಲಿ ಒಂದರಲ್ಲಿ ಕಣ್ಣಿಲ್ಲದ ಮುದುಕಿಯೊಬ್ಬಳು ಬರುತ್ತಾಳೆ. ಊರಲ್ಲಿ ಗಲಭೆಯಾದಾಗ ಕಣ್ಣಿರುವವರಿಗೆ ಕಾಣದ್ದು ಅವಳಿಗೆ ಕಾಣುತ್ತದೆ. ಓದಿದವರು ಮೆಚ್ಚಿಕೊಂಡಿದ್ದರು. ಫುಪ್ಪುವಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, ‘ಅಕ್ಕಿಯಲ್ಲಿ ಕಲ್ಲು ಕಾಣದಿದ್ದರೆ ಸೊಸೆಯಂದಿರು ಏನು ಮಾತಾಡುತ್ತಾರೆ ಅಂತ ಬರೆದಿಲ್ಲವಲ್ಲ ಬೇಟಾ’ ಎಂದರು. ಆ ಕಥೆಯನ್ನು ನಾನು ಮತ್ತೆ ಯಾವ ಸಂಕಲನಕ್ಕೂ ಸೇರಿಸಲಿಲ್ಲ.

ಸರಕಾರಿ ಕಾಗದಗಳಲ್ಲಿ ಬರುವ ಒಂದು ಮಾತು ‘ತಪ್ಪಿಸಬಹುದಾದ ಕುರುಡುತನ’. ಒಳ್ಳೆಯ ಮಾತು, ಆದರೆ ಅದರಲ್ಲಿ ಕರ್ತೃ ಕಾಣೆಯಾಗಿದ್ದಾನೆ. ಯಾರು ತಪ್ಪಿಸಬಹುದಾದದ್ದು? 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು ಸೇರಿ 2020ರೊಳಗೆ ಇಂಥ ಕುರುಡುತನವನ್ನು ನಿವಾರಿಸುವ ಗುರಿ ಇಟ್ಟುಕೊಂಡವು. ಅದಕ್ಕೂ ಎಷ್ಟೋ ಮೊದಲು, 1976ರಲ್ಲೇ, ನಮ್ಮ ದೇಶದಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿತ್ತು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐವತ್ತು ದಾಟಿದವರಲ್ಲಿ ಕುರುಡಾದವರು ನೂರಕ್ಕೆ ಹತ್ತಿರ ಹತ್ತಿರ ಎರಡು. ಅವರಲ್ಲಿ ಮೂರನೇ ಎರಡರಷ್ಟು ಮಂದಿಗೆ ಕಾರಣ ಕಣ್ಣಿನ ಪೊರೆ. ಗಂಡಸರಿಗಿಂತ ಹೆಂಗಸರು ಹೆಚ್ಚು, ಓದಿದವರಿಗಿಂತ ಓದದವರು ಹೆಚ್ಚು. ಐವತ್ತರ ಕೆಳಗಿನವರಲ್ಲಾದರೆ ಮೊದಲ ಕಾರಣ ಪೊರೆಯಲ್ಲ, ಕರಿಗುಡ್ಡೆ ಬೆಳ್ಳಗಾಗುವುದು. ಅಂದರೆ ನಮ್ಮ ಹೂವು.

ಈ ಎಣಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಕುರುಡು ಹೌದೋ ಅಲ್ಲವೋ ಎಂಬುದನ್ನು ಎರಡು ಕಣ್ಣುಗಳಲ್ಲಿ ಚೆನ್ನಾಗಿರುವ ಕಣ್ಣನ್ನು ನೋಡಿ ತೀರ್ಮಾನಿಸುತ್ತಾರೆ. ಬಲಗಣ್ಣು ಪೂರ್ತಿ ಹೋಗಿ ಎಡಗಣ್ಣು ನೆಟ್ಟಗಿದ್ದರೆ ಅವರು ಕುರುಡರಲ್ಲ. ಹೀಗಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಕಣ್ಣಿನಲ್ಲಿ ಬದುಕಿದ ನನ್ನ ಫುಪ್ಪು ಯಾವ ಪಟ್ಟಿಗೂ ಸೇರುವವರಲ್ಲ. ಎಡಗಣ್ಣಿಗೂ ಪೊರೆ ಬಂದು, ಗೋಡೆ ತಡವಿಕೊಂಡು ನಡೆಯುವಂತಾದ ಮೇಲೆಯೇ ಲೆಕ್ಕಕ್ಕೆ ಬರುವಂತಾದರು.

ಆಗ ಅವರನ್ನು ಕಾಪಾಡಿದ್ದು ಒಂದು ಕಣ್ಣಿನ ಶಿಬಿರ. ಹಾಗಾಗಿ ಶಿಬಿರಗಳನ್ನು ಹಗುರವಾಗಿ ಮಾತಾಡುವ ಹಕ್ಕು ನನಗಿಲ್ಲ. ನಮ್ಮ ತಂದೆಯ ತಲೆಮಾರಿನವರಿಗೆ ಕಣ್ಣಿನ ಶಿಬಿರ ಎಂದರೆ ಡಾ. ಎಂ. ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿದ ಆ ಮನುಷ್ಯ 2005ರಲ್ಲಿ ತೀರಿಕೊಳ್ಳುವವರೆಗೆ ಊರೂರು ತಿರುಗಿ ಮಾಡಿದ ಶಸ್ತ್ರಚಿಕಿತ್ಸೆಗಳು ಲಕ್ಷಗಟ್ಟಲೆ. ಆಸ್ಪತ್ರೆಯೇ ಕಾಣದ ಊರುಗಳಿಗೆ ಡಾಕ್ಟರು ತಾವೇ ಹೋದದ್ದು ಸಣ್ಣ ಸಂಗತಿಯಲ್ಲ. ಆ ಕಾಲದ ಹಾಗೆ ಶಾಲೆ, ಛತ್ರಗಳಲ್ಲಿ ಈಗ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ, ತಪಾಸಣೆ ಊರಲ್ಲಿ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ. ಅದು ಸರಿಯೂ ಹೌದು.

ಆದರೆ ಶಿಬಿರವೆಂದರೆ ಮುಸಾಫಿರ. ನಮ್ಮೂರಿನ ಪುಷ್ಕರಣಿ ನೋಡಲು ಬಂದವರು ಪಕ್ಕದ ಮುಸಾಫಿರಖಾನೆಯನ್ನೂ ನೋಡಿರುತ್ತಾರೆ. ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ, ಬಿಜಾಪುರದ ರಣದುಲ್ಲಾ ಖಾನ ಕಟ್ಟಿಸಿದ ಮುಸಾಫಿರಖಾನೆ. (ಯಾರು ಏನು ಕೆಡವಿದರು, ಯಾರು ಏನು ಕಟ್ಟಿದರು ಎಂಬ ಜಗಳಕ್ಕೆ ಈ ಎರಡನ್ನೂ ಎಳೆಯುವವರಿದ್ದಾರೆ, ನಾನು ಇಲ್ಲಿ ಅದಕ್ಕೆ ಹೋಗುವುದಿಲ್ಲ.) ಮುಸಾಫಿರನಿಗೆ ನೆರಳು ಕೊಡುವುದು ಪುಣ್ಯದ ಕೆಲಸ, ಆದರೆ ಮುಸಾಫಿರನನ್ನು ನಂಬಿ ಊರು ನಡೆಯುವುದಿಲ್ಲ. ಪೊರೆ ಕಾಯುತ್ತದೆ, ಆರು ತಿಂಗಳಾದರೂ ಶಿಬಿರ ಬರುವವರೆಗೆ ಕಾಯುತ್ತದೆ. ಗೀರಿದ ಕರಿಗುಡ್ಡೆ ಹದಿನೆಂಟು ಗಂಟೆಗಿಂತ ಹೆಚ್ಚು ಕಾಯುವುದಿಲ್ಲ. ಹೋಗಲಿ, ಶಿಬಿರ ಬಂದಾಗಲಾದರೂ ಎಲ್ಲರೂ ಬರುತ್ತಾರೆಯೇ? ತಮಿಳುನಾಡಿನ ಹಳ್ಳಿಗಳಲ್ಲಿ ಇದನ್ನು ಅಳೆದು ನೋಡಿ 1999ರಲ್ಲಿ ಪ್ರಕಟಿಸಿದರು. ಕಣ್ಣಿನ ತೊಂದರೆ ಇದ್ದವರಲ್ಲಿ ಶಿಬಿರಕ್ಕೆ ಬಂದವರು ನೂರಕ್ಕೆ ಏಳು ಮಂದಿ. ಉಳಿದ ತೊಂಬತ್ತಮೂರು ಮಂದಿ ಎಲ್ಲಿದ್ದರು ಎಂದು ನನ್ನನ್ನು ಕೇಳಿ, ನಮ್ಮ ಓಣಿಯ ಹೆಂಗಸರನ್ನು ನೋಡಿದ ನಾನು ಹೇಳುತ್ತೇನೆ. ಒಬ್ಬರಿಗೆ ಜೊತೆಗೆ ಬರುವವರಿಲ್ಲ. ಒಬ್ಬರು ಮೂರು ದಿನ ಆಸ್ಪತ್ರೆಯಲ್ಲಿದ್ದರೆ ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಒಬ್ಬರು, ಇನ್ನೆಷ್ಟು ದಿನ ಬದುಕುತ್ತೇನೆ, ಆ ದುಡ್ಡು ಮೊಮ್ಮಗಳ ಮದುವೆಗಾಗಲಿ ಎನ್ನುತ್ತಾರೆ. ಉಚಿತ ಎಂದರೂ ನಂಬುವುದಿಲ್ಲ, ಬಸ್ಸು ಉಚಿತವಲ್ಲದ ಕಾಲದಲ್ಲಿ ಕಲಿತ ಅಪನಂಬಿಕೆ ಅದು.

ಫುಪ್ಪುವಿನ ಪೊರೆ ತೆಗೆದ ಮರುದಿನದ ಒಂದು ಫೋಟೋ ನಮ್ಮ ಮನೆಯಲ್ಲಿದೆ. ಸಾಲಾಗಿ ಕೂತ ಮುದುಕ ಮುದುಕಿಯರು, ಎಲ್ಲರಿಗೂ ಒಂದೇ ಥರದ ಕಪ್ಪು ಕನ್ನಡಕ, ಹಿಂದೆ ಬ್ಯಾನರು, ಬ್ಯಾನರಿನಲ್ಲಿ ದಾನಿಗಳ ಹೆಸರು. ದಾನಿಗಳು ನಗುತ್ತಿದ್ದಾರೆ, ನಗಲಿ, ಅವರು ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ 1991ರ ಆ ಬೆಳಿಗ್ಗೆ ಯಾರಾದರೂ ಹತ್ತು ರೂಪಾಯಿಯ ಮುಲಾಮು ಹಚ್ಚಿ ಆ ಬಲಗಣ್ಣನ್ನು ಉಳಿಸಿದ್ದರೆ ಅದರ ಫೋಟೋ ಎಲ್ಲಿ ತೆಗೆಯಬಹುದಿತ್ತು? ಹೋಗದೇ ಉಳಿದ ಕಣ್ಣಿಗೆ ಸಾಕ್ಷಿಯಿಲ್ಲ. ಅದರ ಒಡತಿಗೇ ತನ್ನ ಕಣ್ಣು ಉಳಿಯಿತೆಂದು ಗೊತ್ತಾಗುವುದಿಲ್ಲ, ಎರಡು ದಿನ ಉರಿಯಿತು ಎಂದು ಮರೆತುಬಿಡುತ್ತಾಳೆ. ಟ್ರಕೋಮಾ ಎಂಬ ಕಣ್ಣಿನ ಸೋಂಕು ಒಂದು ಕಾಲದಲ್ಲಿ ಈ ದೇಶದ ಮಕ್ಕಳ ರೆಪ್ಪೆಗಳನ್ನು ತಿಂದುಹಾಕುತ್ತಿತ್ತು. 2024ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅದು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಯಾವ ಚಹಾ ಅಂಗಡಿಯಲ್ಲಾದರೂ ಈ ಮಾತು ಬಂದದ್ದನ್ನು ನೀವು ಕೇಳಿದ್ದೀರಾ? ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕೆಂದು ನಾವು ಹೇಳುತ್ತಲೇ ಬಂದಿದ್ದೇವೆ. ಪಡೆದವನಿಗೂ ತಿಳಿಯದ ದಾನ ಇದು. ಬಹುಶಃ ಅದಕ್ಕೇ ಇದಕ್ಕೆ ಗಿರಾಕಿಗಳು ಕಡಿಮೆ.

ಇಲ್ಲಿ ನಮ್ಮ ಮದರಸಾಗಳಲ್ಲಿ ಕಲಿಸುವ ಒಂದು ವಿಂಗಡಣೆ ನನಗೆ ನೆನಪಾಗುತ್ತದೆ. ಕೆಲವು ಕರ್ತವ್ಯಗಳು ಒಬ್ಬೊಬ್ಬರ ಮೇಲೂ ಇರುವಂಥವು, ನಮಾಜು, ಉಪವಾಸದ ಹಾಗೆ. ಇನ್ನು ಕೆಲವು ‘ಫರ್ಜೆ ಕಿಫಾಯಾ’, ಇಡೀ ಸಮುದಾಯದ ಮೇಲೆ ಇರುವಂಥವು. ಊರಲ್ಲಿ ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಒಬ್ಬರೂ ಮಾಡದಿದ್ದರೆ ಪಾಪ ಎಲ್ಲರ ಮೇಲೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಜನಾಜಾ. ಅನಾಥನೊಬ್ಬ ಸತ್ತು ಯಾರೂ ಮಣ್ಣು ಮಾಡದಿದ್ದರೆ ಊರಿಗೆ ಊರೇ ಅಪರಾಧಿ. ವೈದ್ಯ ವಿದ್ಯೆಯನ್ನೂ ಈ ಸಾಲಿಗೇ ಸೇರಿಸಿದ ಹಿರಿಯ ಆಲಿಮರಿದ್ದಾರೆ, ಇಮಾಮ್ ಗಝಾಲಿ ಅವರಲ್ಲಿ ಒಬ್ಬರು. ನಾವು ಜನಾಜಾವನ್ನು ಹಿಡಿದುಕೊಂಡೆವು, ವೈದ್ಯವನ್ನು ಬಿಟ್ಟೆವು. ಎಲ್ಲರ ಹೊಣೆ ಎಂಬುದು ಯಾರೋ ಒಬ್ಬರ ಹೆಸರಿಗೆ ಬರುವವರೆಗೆ ಯಾರ ಹೊಣೆಯೂ ಅಲ್ಲ ಎಂಬುದನ್ನು ನಮ್ಮ ಹಿರಿಯರು ಜನಾಜಾದ ವಿಷಯದಲ್ಲಿ ಅರಿತಿದ್ದರು. ಅದಕ್ಕೇ ಗುಸುಲ್ ಕೊಡುವವರಿಗೆ ಒಂದು ಹೆಸರಿದೆ, ಒಂದು ಬಾಗಿಲಿದೆ. ನಮ್ಮ ಮನೆಯ ಆ ಏಳು ದಿನಗಳಲ್ಲಿ ಹೊಣೆ ಎಲ್ಲರದ್ದೂ ಆಗಿತ್ತು. ಬಾಣಂತಿಯದ್ದು, ಅಬ್ಬಾನದ್ದು, ಗದ್ದೆಯ ಯಜಮಾನನದ್ದು, ಅಂಗಡಿಯವನದ್ದು, ನನ್ನದು.

ಅಬ್ಬಾ ‘ಮರ್ಜಿ’ ಎಂದದ್ದನ್ನು ನಾನು ಅಣಕಿಸುತ್ತಿಲ್ಲ. ಬೇರೆ ಏನು ಹೇಳಿದರೂ ಅವರು ಆ ಬಸ್ಸಿನಲ್ಲಿ ಕುಸಿದುಬಿಡುತ್ತಿದ್ದರು. ತಖ್ದೀರ್ ಎಂಬುದು ಕಳೆದುಕೊಂಡವರು ಹೇಳಿಕೊಂಡರೆ ಸಮಾಧಾನ, ಕಳೆದುಕೊಳ್ಳದವರು ಹೇಳಿದರೆ ಜಾರಿಕೊಳ್ಳುವ ದಾರಿ. ಒಂಟೆಯನ್ನು ಮೊದಲು ಕಟ್ಟಬೇಕೆಂಬ ಮಾತನ್ನು ಜುಮಾದ ಬಯಾನಿನಲ್ಲಿ ಎಷ್ಟು ಸಲ ಕೇಳಿಲ್ಲ ನಾವು.

ಊರಿನವರೇ ನೋಡಿಕೊಳ್ಳಬೇಕು ಎಂದ ಕೂಡಲೇ ಇನ್ನೊಂದು ಅಪಾಯವಿದೆ, ಅದನ್ನೂ ಹೇಳಿಬಿಡಬೇಕು. ಊರಿನವರು ಎಂದರೆ ಕೊನೆಗೆ ಊರಿನ ಹೆಂಗಸರು. ರಾಜ್ಯ ಸರಕಾರದ ‘ಆಶಾಕಿರಣ’ ಯೋಜನೆಯಲ್ಲಿ ನಮ್ಮ ಪಕ್ಕದ ಹಾವೇರಿಯೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಕಣ್ಣಿನ ಮೊದಲ ತಪಾಸಣೆ ಮಾಡಿದರು, ಬೇಕಾದವರಿಗೆ ಕನ್ನಡಕ ಸಿಕ್ಕಿತು. ಬಾಗಿಲಿಗೆ ಬಂದವಳು ಪರಿಚಿತಳಾದ್ದರಿಂದ ಬುರ್ಖಾದ ಒಳಗಿನ ಕಣ್ಣೂ ತೆರೆದುಕೊಳ್ಳುತ್ತದೆ. ಇದು ಸರಿಯಾದ ದಾರಿ ಎಂದೇ ನಾನು ನಂಬುತ್ತೇನೆ. ಆದರೆ ಬಸುರಿ, ಬಾಣಂತಿ, ಲಸಿಕೆ, ಕ್ಷಯ, ಸಮೀಕ್ಷೆ ಎಲ್ಲವೂ ಆ ಒಬ್ಬಳ ತಲೆಯ ಮೇಲೆ, ಅವಳಿಗೆ ಕೊಡುವುದಕ್ಕೆ ಸಂಬಳ ಎಂಬ ಹೆಸರೂ ಇಲ್ಲ, ಗೌರವಧನ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಚಳಿಯಲ್ಲಿ ಬಯಲಲ್ಲಿ ಕೂತು ಕೇಳಬೇಕಾಯಿತು. ಗೌರವವನ್ನೇ ದುಡ್ಡಿನ ಬದಲಿಗೆ ಕೊಡುವ ಜಾಣತನ ನಮ್ಮದು. ಸಮುದಾಯ ಎಂಬ ಸಿಹಿ ಮಾತಿನ ಕೆಳಗೆ ಇನ್ನೊಬ್ಬ ಹೆಂಗಸಿನ ಪುಕ್ಕಟೆ ದುಡಿಮೆ ಇರುವುದಾದರೆ ನನ್ನ ಫುಪ್ಪುವಿನ ಕಣ್ಣಿಗೆ ಅವಳ ಬೆನ್ನನ್ನು ಬೆಲೆ ಕೊಟ್ಟಂತಾಗುತ್ತದೆ. ಫರ್ಜೆ ಕಿಫಾಯಾ ಎಂದರೆ ಒಬ್ಬರು ಮಾಡಲಿ ಉಳಿದವರು ಮಲಗಲಿ ಎಂದಲ್ಲ. ಮಾಡುವವರಿಗೆ ಮಾಡಲು ಆಗುವಂತೆ ನೋಡಿಕೊಳ್ಳುವುದು ಉಳಿದವರ ಪಾಲು.

ಫುಪ್ಪು ಈಗಿಲ್ಲ. ಭತ್ತ ಕೊಯ್ಯಲು ಈಗ ಯಂತ್ರ ಬರುತ್ತದೆ, ಆದರೂ ಕಣದ ಹೊಟ್ಟು, ಮೆಕ್ಕೆಜೋಳದ ಗರಿ, ಅಡಿಕೆ ಸಿಪ್ಪೆಯ ದೂಳು ಇದ್ದೇ ಇವೆ. ಕಳೆದ ವರ್ಷ ನಮ್ಮ ಮಸೀದಿ ಕಮಿಟಿಯ ಹಿರಿಯರೊಬ್ಬರ ಹತ್ತಿರ ಈ ವಿಷಯ ಎತ್ತಿದೆ. ಮೊಹಲ್ಲಾದಲ್ಲಿ ಓದಿದ ಹುಡುಗಿಯರಿದ್ದಾರೆ, ಇಬ್ಬರನ್ನು ದಾವಣಗೆರೆಗೆ ತರಬೇತಿಗೆ ಕಳಿಸೋಣ, ತಿಂಗಳಿಗೆ ಇಷ್ಟು ಎಂದು ಕೊಡೋಣ, ಎಲ್ಲ ಜಾತಿಯವರಿಗೂ ಬಾಗಿಲು ತೆರೆದಿರಲಿ, ಪಂಚಾಯಿತಿಯವರನ್ನೂ ಕೇಳೋಣ ಎಂದೆ. ಅವರು ಗಮನವಿಟ್ಟು ಕೇಳಿದರು. ಒಳ್ಳೆಯ ವಿಚಾರ ಎಂದರು. ದೊಡ್ಡ ಶಿಬಿರವನ್ನೇ ಮಾಡಿಸಬಹುದಲ್ಲ, ಶಾಸಕರನ್ನು ಕರೆಸಬಹುದು ಎಂದರು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಕೊನೆಗೆ, ಆಯಿತು, ರಂಜಾನಿನಲ್ಲಿ ಜಕಾತ್ ಬಂದಾಗ ನೋಡೋಣ ಎಂದರು. ಭತ್ತದ ಕಟಾವು ಅದಕ್ಕೂ ಮೊದಲೇ ಇತ್ತು.